ಪ್ರೀತಿಕಾ ಬಾಯಿ ತೆರೆಯುವುದಿಲ್ಲ

ಕಡಬ
೧೭ ನವೆಂಬರ್ ೨೦೨೪, ಭಾನುವಾರ

ಪ್ರೀತಿಯ ಅತ್ತೆಗೆ,

ಸುಪ್ರಿತಾಳ ನಮಸ್ಕಾರಗಳು. ನಿಮ್ಮ ಮೊಣಕಾಲು ಈಗ ಹೇಗಿದೆ? ಮಂಡೆಕೋಲಿನಲ್ಲಿ ವಿನುತಕ್ಕನ ಮನೆಯ ಮೆಟ್ಟಿಲುಗಳು ಕಡಿದಾಗಿವೆ, ಇಳಿಯುವಾಗ ಗೋಡೆ ಹಿಡಿದುಕೊಳ್ಳಿ. ಎಣ್ಣೆ ತಿಕ್ಕಿಸಿಕೊಳ್ಳಲು ಮಗಳ ಹತ್ತಿರವೂ ಸಂಕೋಚ ಮಾಡಬೇಡಿ. ಮಾವ ಆರೋಗ್ಯವಾಗಿದ್ದಾರೆ. ನೀವಿಲ್ಲದೆ ಚಹಾಕ್ಕೆ ರುಚಿಯೇ ಇಲ್ಲ ಎಂದು ದಿನವೂ ಗೋಡೆಗೆ ಹೇಳುತ್ತಾರೆ, ಅಡುಗೆಮನೆಯಲ್ಲಿರುವ ನನಗೆ ಕೇಳಲಿ ಎಂದು. ನಾನು ಫೋನು ಮಾಡಿದಾಗಲೆಲ್ಲ ನೀವು "ಕೇಳುದಿಲ್ಲ, ಕೇಳುದಿಲ್ಲ" ಎಂದು ಇಟ್ಟುಬಿಡುತ್ತೀರಿ. ಅದೇ ಫೋನಿನಲ್ಲಿ ಧಾರಾವಾಹಿಯ ಮಾತು ಒಂದಕ್ಷರ ಬಿಡದೆ ಕೇಳುತ್ತದೆ ಎಂದು ವಿನುತಕ್ಕ ಹೇಳಿದರು. ಹಾಗಾಗಿ ಕಾಗದ. ಇದನ್ನು ಅರ್ಧದಲ್ಲಿ ಕಟ್ ಮಾಡಲು ಬರುವುದಿಲ್ಲ.

ಮೊದಲು ತುಪ್ಪದ ವಿಷಯ ಮುಗಿಸುತ್ತೇನೆ. ತೆಂಗಿನಕಾಯಿ ಪಿಕಪ್‌ನ ಸಮದ್ ನೀವು ಕಳಿಸಿದ ಬಾಟಲಿ ತಂದುಕೊಟ್ಟು, "ಊರ ದನದ್ದು, ಮಗುವಿಗೆ ಎಂತದೂ ಆಗುದಿಲ್ಲ ಅಂತ ಹೇಳ್ಲಿಕ್ಕೆ ಹೇಳಿದ್ದಾರೆ" ಎಂದು ನಿಮ್ಮ ಮಗನ ಎದುರಿಗೇ ಹೇಳಿದ. ಇವರ ಮುಖ ನೋಡಬೇಕಿತ್ತು! ಅತ್ತೆ, ದನ ಯಾವ ಊರಿನದ್ದು ಎಂಬುದು ಪ್ರಶ್ನೆಯಲ್ಲ. ಪ್ರೀತಿಕಾಳಿಗೆ ಹಾಲು ಆಗುವುದಿಲ್ಲ ಎಂದರೆ ಮೊಸರು, ಬೆಣ್ಣೆ, ತುಪ್ಪ ಒಂದೂ ಆಗುವುದಿಲ್ಲ. ಇದನ್ನು ಪುತ್ತೂರಿನ ಡಾಕ್ಟರು ಹೇಳಿದ್ದಾರೆ, ನಾನು ಹೇಳಿದ್ದೇನೆ, ಮಾವ ತುಳುವಿನಲ್ಲಿಯೂ ಹೇಳಿದ್ದಾರೆ. ನೀವು ಎಲ್ಲದಕ್ಕೂ ತಲೆಯಾಡಿಸಿ ಕೊನೆಗೆ, "ನಮ್ಮ ಕಾಲದಲ್ಲಿ ಈ ಅಲರ್ಜಿ ಗಿಲರ್ಜಿ ಎಲ್ಲಿತ್ತು?" ಎನ್ನುತ್ತೀರಿ. ಮಗುವಿಗೆಂದು ಕಾಯಿಸಿದ ರಾಗಿ ಮಣ್ಣಿಗೆ ನೀವು ಎರಡು ಚಮಚ ಹಾಲು ಬೆರೆಸಿದ ದಿನ ಅವಳ ತುಟಿ ಬಾತು, ಮೈಯೆಲ್ಲ ದದ್ದು ಎದ್ದು, ಪುತ್ತೂರಿಗೆ ಹೋಗುವ ದಾರಿಯುದ್ದಕ್ಕೂ ನಿಮ್ಮ ಮಡಿಲಲ್ಲೇ ವಾಂತಿ ಮಾಡಿದಳಲ್ಲ? ಆಗ ಯಾರಿಗೂ ಗೊತ್ತಿರಲಿಲ್ಲ, ಅಜ್ಜಿಯ ತಪ್ಪೇನೂ ಇಲ್ಲ ಎಂದು ಡಾಕ್ಟರೇ ಹೇಳಿದರು. ಆದರೆ ಈಗ ಗೊತ್ತಾಗಿದೆ. ತುಪ್ಪವನ್ನು ಮಾವ ದೋಸೆಯೊಂದಿಗೆ ಖರ್ಚು ಮಾಡುತ್ತಿದ್ದಾರೆ.

ಆಸ್ಪತ್ರೆಯ ಜಗಲಿಯಲ್ಲಿ, ಅಷ್ಟು ಜನರ ನಡುವೆ, ನಿಮ್ಮ ಮಗ "ಇನ್ನು ನೀವು ಅವಳನ್ನು ಮುಟ್ಟುದು ಬೇಡ" ಎಂದದ್ದು ದೊಡ್ಡ ತಪ್ಪು. ಹೆದರಿಕೆಯಲ್ಲಿ ಬಂದ ಮಾತು ಎಂದು ನಾನು ತೇಪೆ ಹಚ್ಚುವುದಿಲ್ಲ. ಅವತ್ತೇ ಅವರ ಹತ್ತಿರ ಜಗಳ ಮಾಡಿದ್ದೇನೆ. ಆದರೆ ನೀವು ಮರುದಿನವೇ ಚೀಲ ಹಿಡಿದು ಸುಳ್ಯದ ಬಸ್ಸು ಹತ್ತಿದಿರಿ, ಅವರು ಬಾಯಿಗೆ ಬೀಗ ಹಾಕಿಕೊಂಡರು. ನಡುವೆ ಅರೆಯುವ ಕಲ್ಲಿಗೆ ಸಿಕ್ಕಿದ ಹಾಗೆ ನಾನೊಬ್ಬಳು.

ನಿಮ್ಮ ಮಗನ ಅವಸ್ಥೆ ಹೇಳುತ್ತೇನೆ ಕೇಳಿ. ಈಗ ಮನೆಗೆ ಬಂದವರಿಗೆಲ್ಲ ಮೊದಲು ಸೋಪು, ಆಮೇಲೆ ಕುರ್ಚಿ. ಮೊನ್ನೆ ಪಾಪ, ಪಕ್ಕದ ಮನೆಯ ಕುಂಞಿ ಮೋನು ಬ್ಯಾರಿ ಮಗುವಿನ ಕೆನ್ನೆ ಮುಟ್ಟಲು ಬಂದರೆ, "ನೀವು ಪೇಟೆಯಲ್ಲಿ ಎಂತ ತಿಂದದ್ದು?" ಎಂದು ಪೊಲೀಸರ ಹಾಗೆ ವಿಚಾರಣೆ. ಅವರು, "ಬರೀ ಸೋಡಾ ಮಾರಾಯ್ರೆ" ಎಂದು ಕೈ ಹಿಂದೆ ಕಟ್ಟಿಕೊಂಡು ನಿಂತರು. ಹೊಸ ತಿಂಡಿ ಎಂದರೆ ಇವರ ಎದೆ ಹಾರುತ್ತದೆ. ಅನ್ನದ ಗಂಜಿ, ಅರೆದ ಸಿಹಿಗುಂಬಳ, ಮತ್ತೆ ಗಂಜಿ, ಮತ್ತೆ ಗುಂಬಳ. ತೆಂಗಿನಕಾಯಿಯೊಂದನ್ನು ನಾನು ಹಟ ಹಿಡಿದು ಪಾಸು ಮಾಡಿಸಿದೆ. ಕಳೆದ ಸಲ ಡಾಕ್ಟರು ನಮಗಿಬ್ಬರಿಗೂ ಸೇರಿಸಿ ಬೈದರು. "ಒಂಬತ್ತು ತಿಂಗಳಾಯ್ತು, ಇನ್ನೂ ಅರೆದು ಕುಡಿಸುದಾ? ಮೆತ್ತಗೆ ಬೇಯಿಸಿ ಕೈಯಲ್ಲಿ ಹಿಡಿದು ತಿನ್ಲಿಕ್ಕೆ ಕೊಡಿ. ಒಂದು ಸಲಕ್ಕೆ ಒಂದೇ ಹೊಸತು. ಬೆಳಿಗ್ಗೆ ಕೊಟ್ಟು ಎರಡು ಮೂರು ದಿನ ನೋಡಿ, ಮತ್ತೆ ಮುಂದಿನದ್ದು" ಎಂದರು.

ಸರಿ, ನಾನು ಗೆಣಸು ಬೇಯಿಸಿದೆ. ಬೆರಳಿನಷ್ಟು ಉದ್ದಕ್ಕೆ ಕೊಯ್ದು, ಒತ್ತಿದರೆ ಹಿಟ್ಟಾಗುತ್ತದೆಯೇ ಎಂದು ನೋಡಿ, ಅವಳ ಕೈಗೆ ಕೊಟ್ಟೆ. ಅವಳಿಗೋ ಸಂಭ್ರಮ! ಮೊದಲು ಹಣೆಗೆ, ಆಮೇಲೆ ಕೂದಲಿಗೆ, ಮಾವನ ಪಂಚೆಗೆ, ಕೊನೆಗೆ ಬಾಯಿಗೆ. ಒಂದು ತುಂಡು ಹಿಂದೆ ಹೋಗಿ ಓಕರಿಸಿದಳು. ಹೀಗಾಗುತ್ತದೆ, ಮಗು ನಾಲಗೆಯಲ್ಲಿ ತಾನೇ ಮುಂದಕ್ಕೆ ತಂದುಕೊಳ್ಳುತ್ತದೆ, ನೀವು ಬೆರಳು ಹಾಕಬೇಡಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹೇಳಿದ್ದು ಯಾರ ಕಿವಿಗೆ? ಅಂಗಳದಲ್ಲಿದ್ದ ಇವರು ಕೂಗಿಕೊಂಡು ಓಡಿ ಬಂದು, ಮಗುವನ್ನು ನನ್ನಿಂದ ಎಳೆದುಕೊಂಡು, ಬಾಯಿಗೆ ಬೆರಳು ತುರುಕಿದರು. ಗೆಣಸು ಅಷ್ಟರಲ್ಲಿ ಹೊರಗೆ ಬಿದ್ದಿತ್ತು. ದದ್ದೂ ಬರಲಿಲ್ಲ, ತುಟಿಯೂ ಊದಲಿಲ್ಲ. ಆದರೆ ಅಪ್ಪನ ಆ ಕೂಗಿಗೆ ಮಗು ಬೆಚ್ಚಿಬಿದ್ದಿತು. ಅವತ್ತಿನಿಂದ ಬಾಯಿ ಮುಚ್ಚಿದ್ದಾಳೆ, ಅತ್ತೆ. ಚಮಚ ಕಂಡರೆ ಮುಖ ತಿರುಗಿಸುತ್ತಾಳೆ. ಕೈಯಲ್ಲಿ ಕೊಟ್ಟದ್ದನ್ನು ಎಸೆಯುತ್ತಾಳೆ. ಎದೆಹಾಲೊಂದೇ ಗತಿ. ಅದಕ್ಕಾಗಿ ನಾನೂ ಹಾಲು ಮೊಸರು ಬಿಟ್ಟು ಹಾಲಿಲ್ಲದ ಕಣ್ಣ ಚಹಾ ಕುಡಿಯುತ್ತಿದ್ದೇನೆ. ಮಾವ ಚಮಚವನ್ನು ವಿಮಾನ ಮಾಡಿ ಹಾರಿಸಿದರು, ಬೆಕ್ಕಿನ ಹಾಗೆ ಕೂಗಿದರು. ಬೆಕ್ಕು ಬಂದಿತು, ಮಗು ಬಾಯಿ ತೆರೆಯಲಿಲ್ಲ. ಬಂದ ನೆಂಟರೆಲ್ಲ ಒಂದೊಂದು ಉಪಾಯ ಹೇಳುತ್ತಾರೆ, ಎಲ್ಲದರಲ್ಲೂ ಹಾಲು ಉಂಟು!

ನಿನ್ನೆ ಬೆಳಿಗ್ಗೆ ನನಗೆ ಸಾಕಾಗಿಹೋಯಿತು. ಯಾರು ತಿಂದರೆಷ್ಟು, ಬಿಟ್ಟರೆಷ್ಟು ಎಂದು ಅಕ್ಕಿ, ತೆಂಗಿನಕಾಯಿ ಹಾಕಿ ಬೇಯಿಸಿದ ಪುಂಡಿಯ ಬಟ್ಟಲು ಹಿಡಿದು ಅಡುಗೆಮನೆಯ ನೆಲದಲ್ಲಿ ಕೂತು, ಯಾರನ್ನೂ ನೋಡದೆ ತಿನ್ನತೊಡಗಿದೆ. ನೀವು ಹೀಗೆಯೇ ಕೂರುತ್ತಿದ್ದಿರಿ. ಅವಳಿಗೆ ಏನೂ ಕೊಡುತ್ತಿರಲಿಲ್ಲ, ಕರೆಯುತ್ತಲೂ ಇರಲಿಲ್ಲ, ಸುಮ್ಮನೆ ನಿಮ್ಮಷ್ಟಕ್ಕೆ ತಿನ್ನುತ್ತಿದ್ದಿರಿ. ಪ್ರೀತಿಕಾ ಅಂಬೆಗಾಲಿಟ್ಟು ಬಂದಳು. ನನ್ನ ಮೊಣಕಾಲು ಹಿಡಿದು ಎದ್ದು ಬಟ್ಟಲಿಗೆ ಕೈ ಹಾಕಿದಳು. ಪುಂಡಿಯ ಒಂದು ಚೂರು ಹಿಡಿದು, ತಿರುಗಿಸಿ ನೋಡಿ, ಬಾಯಿಗಿಟ್ಟಳು. ತಲೆಯೆತ್ತಿದರೆ ಬಾಗಿಲಲ್ಲಿ ಇವರು. ಬಾಗಿಲ ದಾರಂದ ಹಿಡಿದ ಬೆರಳುಗಳು ಬೆಳ್ಳಗಾಗಿದ್ದವು. ಆದರೆ ಕೂಗಲಿಲ್ಲ, ಓಡಿ ಬರಲಿಲ್ಲ. ಅವಳು ಇನ್ನೊಂದು ಚೂರು ತೆಗೆದುಕೊಳ್ಳುವವರೆಗೂ ಉಸಿರು ಬಿಟ್ಟರೋ ಇಲ್ಲವೋ ಗೊತ್ತಿಲ್ಲ. ಇವತ್ತು ಪುನಃ ಬಾಯಿ ಮುಚ್ಚಿದ್ದಾಳೆ. ನಾನು ಇವತ್ತು ಬೇಕೆಂದೇ ಹಾಗೆ ಸೋಗು ಹಾಕಿ ಕೂತದ್ದು ಅವಳಿಗೆ ಗೊತ್ತಾಯಿತೇನೋ.

ವಿನುತಕ್ಕನಿಗೆ, ಭಾವನಿಗೆ ನಮ್ಮೆಲ್ಲರ ನೆನಪು ತಿಳಿಸಿ. ಬಿಪಿಯ ಮಾತ್ರೆ ತಪ್ಪಿಸಬೇಡಿ. ನಿಮ್ಮ ಆಶೀರ್ವಾದ ಮಗುವಿನ ಮೇಲಿರಲಿ, ಬೈಗುಳ ನನ್ನ ಮೇಲಿರಲಿ.

ನಿಮ್ಮ ಸೊಸೆ,
ಸುಪ್ರಿತಾ

ಮರೆತೆ: ಈ ಕಾಗದ ಒಯ್ಯಲು ಬಂದ ಸಮದ್ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಮೊಟ್ಟೆಯೂ ಆಗದಿರಬಹುದು ಎಂದು ಪರೀಕ್ಷೆಯಲ್ಲಿ ಸಂಶಯ ಬಂದಿದೆ. ಮನೆಯಲ್ಲಿ ಕೊಡುವುದು ಬೇಡ, ಬುಧವಾರ ಆಸ್ಪತ್ರೆಯಲ್ಲಿ ತಮ್ಮ ಕಣ್ಣೆದುರಿಗೇ ಚೂರುಚೂರು ಕೊಟ್ಟು ನೋಡುವ ಎಂದಿದ್ದಾರೆ ಡಾಕ್ಟರು. ಮಧ್ಯಾಹ್ನದವರೆಗೆ ಅಲ್ಲೇ ಕೂರಬೇಕು. ಮಡಿಲಲ್ಲಿ ಕೂರಿಸಿಕೊಳ್ಳುವವರು ಯಾರು ಎಂದು ಇವರನ್ನು ಕೇಳಿದೆ. ಮಗುವಿನ ಬಟ್ಟಲನ್ನು ಎರಡೆರಡು ಸಲ ತೊಳೆದರು. ಆಮೇಲೆ, "ಅಮ್ಮ ಕೂರಲಿ" ಎಂದರು. ನೀವೇ ಫೋನು ಮಾಡಿ ಕರೆಯಿರಿ ಎಂದರೆ, "ನನ್ನಿಂದ ಆಗುದಿಲ್ಲ, ನೀನು ಬರಿ" ಎಂದು ಮುಖ ತಿರುಗಿಸಿದರು. ಮಂಗಳವಾರ ಸಂಜೆ ನಿಮ್ಮನ್ನು ಕರೆತರಲು ಇವರೇ ಜೀಪಿನಲ್ಲಿ ಅಲ್ಲಿಗೆ ಬರುತ್ತಾರೆ. ಅತ್ತೆ, ವಿನುತಕ್ಕನ ಅಂಗಳದಲ್ಲೇ ನಿಂತಿರುತ್ತಾರೆ, ಒಳಗೆ ಬರಲು ಅವರಿಗೆ ಮುಖವಿಲ್ಲ. ನೀವೇ ಕರೆಯಬೇಕು.