ಗೋಡೆಯ ಮಸಿ ಬೊಟ್ಟು

ಕಾಮಗೆರೆ
೧೨-೨-೧೯೭೫

ಮೈಸೂರಿನ ಹಾಸ್ಟೆಲಿನಲ್ಲಿ ಓದುತ್ತಿರುವ ನನ್ನ ಗಿರಿಜೆಗೆ, ನಿನ್ನ ಅಜ್ಜಿ ತಲೆ ಸವರಿ ಬರೆಯುವುದು.

ನಿನ್ನ ಕಾಗದ ಬಂತು. ನಿಮ್ಮಪ್ಪನ ಕೈಲಿ ಓದಿಸಲಿಲ್ಲ, ನಾನೇ ಅಕ್ಷರ ಕೂಡಿಸಿಕೊಂಡು ಎರಡು ದಿನ ಓದಿದೆ. ಲಂಡನ್ನಿನಲ್ಲೂ ಫ್ರಾನ್ಸಿನಲ್ಲೂ ಕಂಪನಿ ಷೇರಿನ ರೇಟು ಸೋಮವಾರ ಇಳಿದು ಶುಕ್ರವಾರ ಏರುತ್ತದಂತೆ. ಯಾಕವ್ವ, ಆ ದೊರೆಗಳೂ ನಮ್ಮ ಹಾಗೆ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲವೋ? ನೀನು ಲೆಕ್ಕ ಹಾಕಿದ ಹನ್ನೆರಡು ವರ್ಷದಲ್ಲಿ ಒಂಬತ್ತು ವರ್ಷ ಹಾಗೇ ಇದೆ, ಮೂರು ವರ್ಷ ತಿರುಗಿ ಬಿದ್ದಿದೆ, ಆ ಮೂರನ್ನು ಬಿಟ್ಟು ಬರೆದರೆ ಕಾಲೇಜಿಗೆ ಕೊಡುವ ಪುಸ್ತಕ ಚೆಂದ ಆಗುತ್ತೆ ಅಂತ ಬರೆದಿದ್ದೀಯ. ಇದನ್ನೆಲ್ಲ ಕಲಿತದ್ದು ಅಜ್ಜಿಯ ಗೋಡೆ ನೋಡಿ ಅಂತ ಮೊದಲ ಹಾಳೆಯಲ್ಲಿ ಹಾಕುತ್ತೀಯಂತೆ. ಅಲ್ಲಿಗೆ ಬಂದಾಗ ಕಣ್ಣು ನಿಂತುಹೋಯಿತು.

ಆ ಗೋಡೆ ವಿಷಯ ಕೇಳು. ನಿಮ್ಮ ತಾತ ಕೊಳ್ಳೇಗಾಲದ ರೇಷ್ಮೆಗೂಡಿನ ಮಾರ್ಕೆಟ್ಟಿಂದ ಬಂದು ರೇಟು ಹೇಳುತ್ತಿದ್ದರು. ಏರಿದ್ದರೆ ಕೆಮ್ಮಣ್ಣಿನ ಗೋಡೆಗೆ ಸುಣ್ಣದ ಬೊಟ್ಟು, ಇಳಿದಿದ್ದರೆ ಮಸಿ ಬೊಟ್ಟು ಇಡುತ್ತಿದ್ದೆ. ಅಮಾಸೆ ದಿನ ಗೂಡು ಬೇಯಿಸಿ ನೂಲು ತೆಗೆಯುವವರು ಒಲೆ ಹಚ್ಚುವುದಿಲ್ಲ. ಮಾರನೆ ದಿನ ಗೂಡಿಗೆ ಮುಗಿಬೀಳುತ್ತಾರೆ, ರೇಟು ಏರುತ್ತೆ. ಹಾಗಂತ ಕಂಡುಹಿಡಿದವಳು ನಾನು. ದೊಡ್ಡಬಸಮ್ಮನ ಗೋಡೆ ಪಂಚಾಂಗಕ್ಕಿಂತ ಮೇಲು ಅಂದಿತು ಬೀದಿ. ನನ್ನ ತಲೆಗೇರಿತು.

ಒಂದು ಸಲ ನನ್ನ ವಾರಗಿತ್ತಿ, ನಿನ್ನ ಚಿಕ್ಕಜ್ಜಿ ಚನ್ನಮಲ್ಲಿ, ಗೂಡು ಬಿಡಿಸಿ ಇಟ್ಟಿದ್ದಳು. ಅಮಾಸೆಗೆ ಇನ್ನೂ ನಾಲ್ಕು ದಿನ. ಈಗ್ಲೇ ತಕಂಡೋಯ್ತೀನಿ ಕಣಕ್ಕಾ, ಚಿಟ್ಟೆ ಗೂಡು ಒಡೆದ್ರೆ ಏನ್ ಮಾಡ್ಲಿ ಅಂದಳು. ಸುಮ್ಕಿರೇ, ಅಮಾಸೆ ಕಳೀಲಿ, ಗೂಡಿಗೇನು ರೆಕ್ಕೆ ಬತ್ತದಾ ಅಂತ ಗದರಿದೆ.

ಬಂತು. ಅಮಾಸೆ ಮಾರನೆ ದಿನ ಬೀದಿಗೆ ಬೀದಿಯೇ ಗಾಡಿ ಕಟ್ಟಿತ್ತು. ಎಲ್ಲರಿಗೂ ನಾನೇ ಹೇಳಿದ್ದೆನಲ್ಲ. ಮಾರ್ಕೆಟ್ಟಿನಲ್ಲಿ ಗೂಡು ರಾಶಿ ಬಿದ್ದು ರೇಟು ಕೂತುಬಿಟ್ಟಿತು. ಚನ್ನಮಲ್ಲಿಯ ಮೂಟೆ ಬಿಚ್ಚಿದರೆ ಗೂಡೆಲ್ಲ ತೂತು, ಬಿಳಿ ಚಿಟ್ಟೆಗಳು ಪಟಪಟ ಅಂತಿದ್ದವು. ತೂತು ಗೂಡಿಂದ ನೂಲು ಬರುವುದಿಲ್ಲ, ಯಾರೂ ಕೈಯಲ್ಲಿ ಮುಟ್ಟಲಿಲ್ಲ. ಆ ಬೆಳೆಯ ದುಡ್ಡಲ್ಲಿ ಅವಳ ಗಂಡ, ನಿನ್ನ ಚಿಕ್ಕತಾತನ ಕಣ್ಣಿನ ಪೊರೆ ತೆಗೆಸಬೇಕು ಅಂತಿದ್ದರು. ಮುಂದಿನ ವರ್ಷ ಕರೆದುಕೊಂಡು ಹೋದರೆ, ತಡವಾಯಿತು ಅಂದರು ಡಾಕ್ಟರು. ಈಗಲೂ ಜಗುಲಿ ಮೇಲೆ ಕೂತು, ನನ್ನ ಹೆಜ್ಜೆ ಸಪ್ಪಳಕ್ಕೆ, ಅತ್ತಿಗೆಮ್ಮ ಬಂದ್ರಾ ಅಂತಾನೆ.

ಚನ್ನಮಲ್ಲಿ ಒಂದು ಮಾತು ಬೈಯಲಿಲ್ಲ. ಅಕ್ಕನ ಗೋಡೆ ಸುಳ್ಳಾಡಲ್ಲ, ನನ್ನ ಅಣೆಬರಾನೇ ನೆಟ್ಟಗಿಲ್ಲ ಅಂತ ಊರಿಗೆಲ್ಲ ಹೇಳಿದಳು. ಬೈದಿದ್ದರೆ ನಾನೂ ನಾಲ್ಕು ಬೈದು ಹಗುರಾಗುತ್ತಿದ್ದೆ.

ಆ ಮೂರು ವರ್ಷ ಬಿಡಬೇಡ ಮಗ. ಪುಸ್ತಕ ಚೆಂದ ಆಗದಿದ್ದರೆ ಕತ್ತೆಬಾಲ. ನನ್ನ ಹೆಸರಂತೂ ಹಾಕಲೇಬೇಡ. ಯಾಕೆ ಅಂತ ಸಹಿ ಆದಮೇಲೆ ಬರೆಯುತ್ತೀನಿ, ಆಗಲಾದರೂ ಧೈರ್ಯ ಬಂದರೆ.

ನಿನ್ನ ಅಜ್ಜಿ
ದೊಡ್ಡಬಸಮ್ಮ

ಸಹಿಯ ಕೆಳಗೆ: ಚಿಕ್ಕವಳಿದ್ದಾಗ ನೀನು ಆ ಬೊಟ್ಟುಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾ, ಅಜ್ಜಿ, ಇಲ್ಲಿ ಯಾಕೆ ನುಣ್ಣಗಿದೆ ಅಂತ ಕೇಳಿದ್ದೆ. ಕರು ನೆಕ್ಕಿತು ಅಂದಿದ್ದೆ. ಕರು ನೆಕ್ಕಿರಲಿಲ್ಲ. ಅಮಾಸೆ ಮಾರನೆ ದಿನವೂ ರೇಟು ಇಳಿದದ್ದು ಉಂಟು, ಐದು ಸಲ. ಆ ಐದು ಮಸಿ ಬೊಟ್ಟಿಗೂ ಕೆಮ್ಮಣ್ಣು ಬಳಿದವಳು ನಾನೇ, ಚನ್ನಮಲ್ಲಿ ನನ್ನನ್ನು ಕೇಳುವುದಕ್ಕೆ ಮೊದಲೇ. ಅವಳಿಗೆ ಇನ್ನೂ ಹೇಳಿಲ್ಲ. ಈ ಕಾಗದ ಅಂಚೆಗೆ ಹಾಕಲು ಅವಳ ಕೈಗೇ ಕೊಡುತ್ತಿದ್ದೀನಿ. ಅವಳಿಗೆ ಓದು ಬಾರದು.