ಮಂತ್ರಿ ದಾಟಿದ ಹೊಸ್ತಿಲು

ತೇಲೂರು, ರಾಟರ್‌ಡ್ಯಾಮ್
೩೦ ಫೆಬ್ರವರಿ ೨೧೭೧

ಇನ್ನೂ ಹುಟ್ಟದ ನನ್ನ ಮರಿಮಕ್ಕಳ ಮಕ್ಕಳಿಗೆ,

ಈ ತಾರೀಖು ನಿಮಗೆ ವಿಚಿತ್ರವೆನಿಸಬಹುದು. ಮಹಾಪ್ರವಾಹದಲ್ಲಿ ಯಾರ ನೆನಪಿಗೂ ಸಿಗದೆ ಹೋದ ಎರಡು ದಿನಗಳನ್ನು ಈ ದೇಶದ ಸಂಸತ್ತು ಫೆಬ್ರವರಿಗೆ ಸೇರಿಸಿದೆ. ನನ್ನ ಕನ್ನಡವೂ ನಿಮ್ಮ ಕಿವಿಗೆ ಹಳತೆನಿಸಿದರೆ ಮನ್ನಿಸಿ, ನಾನು ಓದಿದ್ದು ಹೈಸ್ಕೂಲಿನವರೆಗೆ. ಈ ಕಾಗದದಲ್ಲಿ ನಾನು ಕೇಳುವ ಕ್ಷಮೆ ಇದೊಂದೇ.

ನಿಮ್ಮ ಶಾಲೆಯ ಪುಸ್ತಕದಲ್ಲಿ ನನ್ನ ಮಗಳು ಶಿವಲೀಲಾಳ ಬಗ್ಗೆ ಒಂದೇ ಸಾಲು ಇರುತ್ತದೆ: ತಾನೇ ಮಾಡಿದ ನಿಯಮ ಮುರಿದು ಕುರ್ಚಿ ಕಳೆದುಕೊಂಡ ಆರೋಗ್ಯ ಮಂತ್ರಿ. ಉಳಿದದ್ದನ್ನು ನಾನು ಹೇಳುತ್ತೇನೆ.

ತೇಲೂರು ಅಂದರೆ ನೀರಿನ ಮೇಲೆ ತೇಲುವ ಮನೆಗಳ ಊರು. ಅವಳು ಇಲ್ಲಿ ದೋಣಿಯಲ್ಲಿ ಮನೆಮನೆಗೆ ಹೋಗುವ ನರ್ಸ್ ಆಗಿದ್ದಳು. ಗಾಯ ತೊಳೆಯುತ್ತಲೇ ಜನರ ದೂರು ಕೇಳಿದಳು, ನಗರಸಭೆಗೆ ಗೆದ್ದಳು, ಸಂಸತ್ತಿಗೆ ಹೋದಳು, ನಲವತ್ತೊಂದನೇ ವಯಸ್ಸಿಗೆ ಮಂತ್ರಿಯಾದಳು. ಆಮೇಲೂ ಕಚೇರಿಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದಳು. ರೋಗಿ ಬರಲಾಗದಿದ್ದರೆ ಆಸ್ಪತ್ರೆಯೇ ಹೋಗಲಿ ಎಂದು ಹಟ ಹಿಡಿದು ತೇಲುವ ಆಸ್ಪತ್ರೆ ಕಟ್ಟಿಸಿದಳು. ಜನ ಅದಕ್ಕೆ ಅವಳ ಹೆಸರಿನ ಫಲಕ ಹಾಕಿದರು.

ಆಮೇಲೆ ಹಬೆಜ್ವರ ಬಂತು. ಸೆಕೆಗಾಲದಲ್ಲಿ ಉಸಿರಿನಿಂದ ಹರಡುವ ಜ್ವರ ಅದು. ಒಂದು ಕೋಣೆಯಲ್ಲಿ ನಾಲ್ವರಿಗಿಂತ ಹೆಚ್ಚು ಜನ ಇರಬಾರದೆಂದು ಅವಳೇ ಆಜ್ಞೆ ಹೊರಡಿಸಿದಳು.

ಆ ದಿನಗಳಲ್ಲೇ ನನಗೆ ಎಂಬತ್ತು ತುಂಬಿತು. ಇಲ್ಲಿಯ ಹುಟ್ಟುಹಬ್ಬದ ಪದ್ಧತಿಯಂತೆ ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ನಾಲ್ವರು ಕೂತಿದ್ದೆವು. ಅವಳು ಬಾಗಿಲಾಚೆಯೇ ನಿಂತು, "ಹೋಳಿಗಿ ಇಲ್ಲೇ ಕೊಡವ್ವಾ, ಒಳಗ ಬಂದ್ರ ಐದು ಮಂದಿ ಆಗ್ತೀವಿ" ಅಂದಳು.

"ಆಚಿಂದ ಕೈ ಚಾಚಿ ಭಿಕ್ಷಾ ಬೇಡಾಕ ಬಂದೀಯೇನು? ನಮ್ಮ ಮನ್ಯಾಗ ಹೊಸ್ತಿಲ ಮ್ಯಾಲ ಕೊಡೂದಿಲ್ಲ, ತಗೊಳ್ಳೂದಿಲ್ಲ. ಒಳಗ ಬಾ" ಎಂದೆ.

"ದೇಶ ನನ್ನ ಮಾತು ಕೇಳತೈತಿ, ನೀ ಒಬ್ಬಾಕಿ ಕೇಳಂಗಿಲ್ಲ ನೋಡು" ಎಂದು ನಗುತ್ತಾ ಬಂದಳು. ನಿಂತಲ್ಲೇ ಒಂದು ಹೋಳಿಗೆ ತಿಂದು ಹೋದಳು. ಯಾರಿಗೂ ಜ್ವರ ಬರಲಿಲ್ಲ. ಆದರೆ ಎದುರು ಮನೆಯವರು ಫೋಟೋ ತೆಗೆದಿದ್ದರು.

ಸಂಸತ್ತಿನಲ್ಲಿ ಪ್ರಶ್ನೆ ಬಂತು. ತಾಯಿ ಕರೆದಳು ಎಂದು ಒಂದು ಮಾತು ಹೇಳಿದ್ದರೆ ಉಳಿಯುತ್ತಿದ್ದಳು. ನಿಯಮವೂ ನನ್ನದು, ಕಾಲೂ ನನ್ನದು ಎಂದು ಹೇಳಿ ರಾಜೀನಾಮೆ ಕೊಟ್ಟಳು. ಫಲಕವನ್ನೂ ಇಳಿಸಿದರು. ನಾನೇ ಹೋಗಿ ನಿಜ ಹೇಳುತ್ತೇನೆಂದು ಸೀರೆಯುಟ್ಟು ಹೊರಟರೆ ಬಾಗಿಲಿಗೆ ಅಡ್ಡ ನಿಂತಳು. "ನಾ ಇರೋತನಕ ಬಾಯಿ ಬಿಡಬ್ಯಾಡವ್ವಾ" ಎಂದು ಮಾತು ತೆಗೆದುಕೊಂಡಳು. ಕೊಟ್ಟ ಮಾತು ಮುರಿಯುವವಳಲ್ಲ ನಾನು. ಅದಕ್ಕೇ ಈ ಕಾಗದವನ್ನು ನಿಮ್ಮ ಕಾಲಕ್ಕೆಂದು ಮುಚ್ಚಿಡುತ್ತಿದ್ದೇನೆ.

ಅವಳೀಗ ಮತ್ತೆ ದೋಣಿ ಹತ್ತಿ ಗಾಯ ತೊಳೆಯುತ್ತಾಳೆ. ಆಸ್ಪತ್ರೆಯ ಗೋಡೆಯಲ್ಲಿ ಮೊಳೆಯ ನಾಲ್ಕು ತೂತುಗಳು ಹಾಗೇ ಇವೆ.

ಆ ಫಲಕ ಮತ್ತೆ ಏರಬೇಕು. ಅದರ ಕೆಳಗೆ, ನಿಯಮ ಸರಿಯಿತ್ತು, ಮುರಿಸಿದವಳು ತಾಯಿ ನೀಲವ್ವ ಎಂದು ಕೆತ್ತಿಸಬೇಕು. ಓದಿದವರು ಬೈದರೆ ಬೈಯಲಿ, ನಾನು ತಲೆ ತಗ್ಗಿಸುವವಳಲ್ಲ. ಇಷ್ಟು ಮಾಡದೆ ನನ್ನ ಮನೆಯ ಹೊಸ್ತಿಲು ದಾಟಬೇಡಿ.

ನೀಲವ್ವ ಹೆಬ್ಬಳ್ಳಿ