ಎಡಗೈಗೆ ತುಂಬಿದ ಬಣ್ಣ

ಹುವಾಮಂಗಾ, ಮಂಗಳವಾರ

ತಾಯಿ ಎವರಿಸ್ತಾ ಅವರಿಗೆ, ಎಲುಬು ಗುರುತಿಸುವ ಪ್ರಯೋಗಾಲಯದ ಯೊವಾನಾ ಮಾಡುವ ನಮಸ್ಕಾರ.

ಇದನ್ನು ಓದಿ ಹೇಳುವವರು ದಯವಿಟ್ಟು ನಿಧಾನವಾಗಿ ಓದಿ.

ಸಿಪಾಯಿಗಳು ಕರೆದೊಯ್ದಿದ್ದ ನಿಮ್ಮ ಮಗ ಸೆರಾಪಿಯೊ ಮೂವತ್ತೆಂಟು ವರ್ಷದ ಮೇಲೆ ಹೊಂಡದಲ್ಲಿ ಸಿಕ್ಕನಲ್ಲ, ಅವನ ಎಲುಬುಗಳ ಚಿತ್ರ ಬರೆದವಳು ನಾನೇ. ಕಂಪ್ಯೂಟರಿಗೆ ಸಾಲು ಸಾಲಾಗಿ ಆಜ್ಞೆ ಬರೆದರೆ ಅದು ಗೆರೆ ಎಳೆಯುತ್ತದೆ. ಸಿಕ್ಕ ಎಲುಬಿಗೆ ಬಣ್ಣ ತುಂಬಿಸುತ್ತೇನೆ, ಸಿಗದ್ದನ್ನು ಬಿಳಿಯಾಗಿ ಬಿಡುತ್ತೇನೆ. ಬಲಗೈಯನ್ನಷ್ಟೇ ಬರೆದು, ಕನ್ನಡಿಯಲ್ಲಿ ಕಂಡ ಹಾಗೆ ಅದನ್ನೇ ತಿರುಗಿಸಿ ಎಡಗೈ ಮಾಡಿದ್ದೆ. ಬಲಗೈಯ ಬಣ್ಣ ಎಡಗೈಗೂ ತುಂಬಿಕೊಂಡಿತು. ನಾನು ನೋಡಲಿಲ್ಲ. "ಎಲುಬು ಎಣಿಸದೆ ಬಣ್ಣ ಬಳಿದೆಯೇನೇ?" ಅಂತ ನಮ್ಮ ಡಾಕ್ಟರಮ್ಮ ಬೈದದ್ದು ಸರಿಯಾಗಿಯೇ ಇದೆ. ಎಡಗೈ ಸಿಕ್ಕಿಲ್ಲ, ತಾಯೀ. ಹೊಂಡದ ಮಣ್ಣನ್ನು ಮತ್ತೆ ಜರಡಿ ಹಿಡಿದೆವು, ಆಗಲೂ ಸಿಗಲಿಲ್ಲ.

ಎದೆಗೂಡಿನಲ್ಲಿ ಬಣ್ಣ ಮಾಸುತ್ತ ಮಾಸುತ್ತ ಬಿಳಿಯಾಗಿದೆಯಲ್ಲ, ಅದು ತಪ್ಪಲ್ಲ. ಅಲ್ಲಿ ಬೆಂಕಿ ತಗುಲಿ ಎಲುಬು ಸುಟ್ಟುಹೋಗಿದೆ. ಆಗ ಅವನಿಗೆ ಜೀವ ಇರಲಿಲ್ಲವಂತೆ. ಡಾಕ್ಟರಮ್ಮನನ್ನು ಎರಡು ಸಲ ಕೇಳಿ ತಿಳಿದುಕೊಂಡೆ.

ಗುರುವಾರ ಅವನನ್ನು ಊರಿಗೆ ಒಯ್ಯಲು ಬರುವಾಗ ಹಳೆಯ ಚಿತ್ರ ವಾಪಸು ತನ್ನಿ. ಪೆಟ್ಟಿಗೆಯಲ್ಲಿ ಅವನಿಗೆ ಹಾಕುವ ಬಟ್ಟೆಯನ್ನೂ ತನ್ನಿ.

ಆ ಚಿತ್ರ ಕೊಟ್ಟ ದಿನ ನೀವು ಅದರ ಮೇಲೆ ಬೆರಳಾಡಿಸಿ, "ಎರಡೂ ಕೈ ಬಂದವಲ್ಲ ಮಗಳೇ, ಕೈಗವಸು ಹೆಣೀತೀನಿ, ನಮ್ಮ ಗುಡ್ಡದಲ್ಲಿ ಚಳಿ ಜಾಸ್ತಿ" ಅಂದಿರಿ. ಒಂದೇ ಸಾಕು ಅಂತ ತಿಳಿಸುವುದಕ್ಕೇ ಈ ಪತ್ರ ಬರೆಯಲು ಕೂತದ್ದು.

ಬೇಡ, ಎರಡೂ ಹೆಣೆಯಿರಿ. ಮಿಕ್ಕ ಉಣ್ಣೆಯನ್ನೂ ತನ್ನಿ. ಎಡಗೈಯದರೊಳಗೆ ಅದನ್ನು ನಾನೇ ತುಂಬುತ್ತೇನೆ.

ತಪ್ಪು ಮಾಡಿದವಳು,
ಯೊವಾನಾ ಪಾಲೊಮಿನೊ